ಕೆಂಪು ಮುದ್ರೆಯಿಲ್ಲದ ಚಿತ್ರ

ಅವರ ಬಲಗೈ ಕಿರುಬೆರಳ ಬದಿ ಯಾವಾಗಲೂ ಕಪ್ಪಗಿರುತ್ತಿತ್ತು. ಎಷ್ಟು ಸೋಪು ಹಚ್ಚಿದರೂ ಹೋಗದ ಮಸಿ. ನಾವು ಗಂಧ ತೇಯುವ ಹಾಗೆ ಅವರು ಚಿತ್ರ ಬರೆಯಲು ಕಲ್ಲಿನ ಮೇಲೆ ಮಸಿಯ ಕಡ್ಡಿ ತೇಯುತ್ತಿದ್ದರು. ಅದನ್ನು ನೋಡಿಯೇ ನಮ್ಮಮ್ಮ ಮರುಳಾದದ್ದು.

ಅವರು ಚೀನಾದಲ್ಲಿ ಹುಟ್ಟಿ, ನಮ್ಮ ಕಡೆಯ ಡಾಕ್ಟರೊಬ್ಬರನ್ನು ಮದುವೆಯಾಗಿ ಜಯನಗರಕ್ಕೆ ಬಂದು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದಿದ್ದ ಪಕ್ಕದ ಮನೆ ಆಂಟಿ. ನನಗೂ ಡ್ರಾಯಿಂಗ್ ಹುಚ್ಚು. ಕಾನ್ವೆಂಟಿನಲ್ಲಿ ಪ್ರತಿವರ್ಷ ಫಸ್ಟ್ ಪ್ರೈಜ್ ನನ್ನದೇ. ಅಮ್ಮ ಮಾತ್ರ ನನ್ನ ಚಿತ್ರ ನೋಡಿ "ಚೆನ್ನಾಗಿದೆ, ಊಟಕ್ಕೆ ಬಾ" ಎನ್ನುವರು. ಆಂಟಿಯ ಒಂದು ಬಿದಿರೆಲೆಯ ಮುಂದೆ ಒಲೆ ಮೇಲಿನ ಹಾಲು ಮರೆತು ನಿಲ್ಲುವರು. ಫ್ರಾಂಕ್ಲಿ, ನಾನು ಹೊಟ್ಟೆಕಿಚ್ಚಿನಲ್ಲಿ ಬೇಯುತ್ತಿದ್ದೆ.

ಅರವತ್ತೆರಡರಲ್ಲಿ ಚೀನಾ ಯುದ್ಧ ಶುರುವಾಯಿತು. ಸೈನ್ಯ ಸೇರಿ ಗಡಿಯಲ್ಲಿದ್ದ ಅಣ್ಣನ ಕಾಗದ ನಿಂತುಹೋಯಿತು. ಚೀನಾದವರೆಂದು ಆಂಟಿ ಪೊಲೀಸ್ ಸ್ಟೇಷನ್ನಿಗೆ ಹೋಗಿ ಸೈನ್ ಹಾಕಿ ಬರಬೇಕಿತ್ತು. ಬಂದವರೇ, ಬಡಾವಣೆಯಿಂದ ಸೈನ್ಯಕ್ಕೆ ಹೋದ ಹುಡುಗರ ಚಿತ್ರ ಬರೆದು ಅವರ ತಾಯಂದಿರಿಗೆ ಕೊಡುತ್ತಿದ್ದರು. ಅಣ್ಣನದನ್ನೂ ತಂದರು. ಅಂದೇ ನಾನೂ ಅಣ್ಣನ ಚಿತ್ರ ಮುಗಿಸಿ ಅಮ್ಮನಿಗೆ ತೋರಿಸಲು ಕಾದಿದ್ದೆ. ಅಮ್ಮ ಆಂಟಿಯದನ್ನು ಎದೆಗೊತ್ತಿಕೊಂಡು, "ನನ್ನ ಮಗ ಉಸಿರಾಡ್ತಿದಾನೆ ಕಣ್ರೀ!" ಎಂದು ಅತ್ತರು.

ತಡೆಯಲಾಗಲಿಲ್ಲ. ಮೂಲೆಯಲ್ಲಿದ್ದ, ಆಂಟಿಯ ಚೀನೀ ಹೆಸರಿನ ಕೆಂಪು ಮುದ್ರೆ ತೋರಿಸಿ, "ಅಣ್ಣನ ಮೇಲೆ ಗುಂಡು ಹಾರಿಸೋರ ಅಕ್ಷರ ಅಮ್ಮ ಇದು!" ಎಂದೆ.

ಅಮ್ಮ ಕೈಯೆತ್ತಿದರು. "ಬಿಡಿ ಅಕ್ಕಾ, ಅವಳಿಗೂ ಅಣ್ಣ ಅಲ್ವಾ" ಎಂದ ಆಂಟಿ ಚಿತ್ರ ವಾಪಸು ಒಯ್ದರು. ನಾನು ನನ್ನ ಚಿತ್ರವನ್ನು ಪರಪರ ಹರಿದು ಕಾಂಪೌಂಡಿನಾಚೆ ಎಸೆದೆ.

ಮರುದಿನ ಆಂಟಿ ಅದೇ ಮುಖವನ್ನು ಹೊಸದಾಗಿ ಬರೆದು ತಂದರು. ಮುದ್ರೆಯ ಜಾಗ ಖಾಲಿ.

"ಅದು ನಮ್ಮಪ್ಪ ಕೆತ್ತಿಕೊಟ್ಟಿದ್ದು. ಇನ್ನು ಒತ್ತಲ್ಲ. ನಿಮ್ಮಣ್ಣ ಗಡೀಲಿ ಕಾಯ್ತಿರೋದು ನನ್ನ ಮನೇನೂ ಅಲ್ವಾ, ಮಗು?"

ಅಮ್ಮ ದೇವರ ಮನೆಗೆ ಹೋದರು. ಬೆರಳ ತುದಿಯಲ್ಲಿ ಕುಂಕುಮ ತಂದು ಆ ಖಾಲಿ ಜಾಗಕ್ಕೆ ಇಟ್ಟರು. ನನ್ನ ಯಾವ ಚಿತ್ರಕ್ಕೂ ಇಡದ ಬೊಟ್ಟು! ಕ್ಷಮೆ ಕೇಳಬೇಕಾದ ಹೊತ್ತಿನಲ್ಲೂ ನಾನು ನೋಡುತ್ತಿದ್ದದ್ದು ಅದನ್ನೇ.

ಅಣ್ಣ ಮರಳಿ ಬಂದ. ಯುದ್ಧ ಮುಗಿದರೂ ಆಂಟಿ ಮತ್ತೆ ಮುದ್ರೆ ಒತ್ತಲಿಲ್ಲ. ಕೆಲವೇ ವರ್ಷಗಳಲ್ಲಿ ಅವರು ತೀರಿಕೊಂಡಾಗ ನನ್ನ ಹೆಸರಿನ ಒಂದು ಕವರು ಸಿಕ್ಕಿತು. ಒಳಗೆ, ನಾನು ಹರಿದೆಸೆದ ಅಣ್ಣ. ಚೂರುಚೂರನ್ನೂ ಹೆಕ್ಕಿ ಅಂಟಿಸಿದ್ದರು. ಮೂಲೆಯಲ್ಲಿ ಕುಂಕುಮದ ಬೊಟ್ಟು. ಅದರ ಸುತ್ತ ಕಿರುಬೆರಳ ಮಸಿ ಸ್ವಲ್ಪ ತಾಗಿತ್ತು.

ಅದನ್ನು ತೆಗೆದು ನೋಡಿದಾಗಲೆಲ್ಲ ಈಗಲೂ ಜೆಲಸಿಯೇ. ಅಷ್ಟು ದೊಡ್ಡ ಮನಸ್ಸು ನನ್ನದಾಗಲಿಲ್ಲವಲ್ಲ ಎಂದು.