ಲ್ಯಾಪ್‌ಟಾಪನ್ನೇ ಕೇಳಿದ ಮಗಳು

“ಎಂಟು ಜಿಬಿ ಮೆಮೊರಿ ಅದ ಅಕ್ಕಾರ, ಕಣ್ಮುಚ್ಚಿ ಒಯ್ರಿ,” ಎಂದು ಜೇವರ್ಗಿಯ ಹಳೆಯ ಲ್ಯಾಪ್‌ಟಾಪ್ ಅಂಗಡಿಯವನು ನಕ್ಕ. ಆ ನಗು ತುಸು ಹೆಚ್ಚಾಯಿತು ಅನ್ನಿಸಿತು ನನಗೆ. ಡಿಪ್ಲೊಮಾ ಓದುವ ನನ್ನ ಮಗಳು ಪೆನ್‌ಡ್ರೈವ್ ಹಾಕಿ, ಮೆಮೊರಿ ಎಷ್ಟಿದೆಯೆಂದು ಯಂತ್ರವನ್ನೇ ಕೇಳಿ ತಿಳಿಯುವ, ತಾನೇ ಬರೆದ ಪುಟ್ಟ ಸಿ ಪ್ರೋಗ್ರಾಂ ಓಡಿಸಿದಳು. ತೆರೆಯ ಮೇಲೆ ನಾಲ್ಕು ಜಿಬಿಯೂ ತುಂಬದ ಸಂಖ್ಯೆ ಬಂತು.

“ನಿನ್ನ ಪ್ರೋಗ್ರಾಮೇ ಸುಳ್ಳು ಹೇಳಾಕತ್ತದ, ತಂಗಿ.”

“ಹಂಗಾದ್ರ ನಿಮ್ಮ ಬಿಲ್ಲಿನ ಕಂಪ್ಯೂಟರಿಗೂ ಹಾಕಿ ನೋಡೂಣು ಬರ್ರಿ, ಅಣ್ಣಾರ.”

ಅದರ ಮೆಮೊರಿ ಎಷ್ಟೆಂದು ಅವನಿಗೇ ಗೊತ್ತಿತ್ತು; ಅಲ್ಲಿ ಉತ್ತರ ಸರಿಯಾಗಿಯೇ ಬಂತು. ಅವನ ಕಿವಿ ಕೆಂಪಾಯಿತು. ಬೇರೊಂದು ಲ್ಯಾಪ್‌ಟಾಪ್ ತಂದುಕೊಟ್ಟ. ಮಗಳು ಅದನ್ನೂ ಕೇಳಿ ನೋಡಿದಳು, ಎಂಟು ಇತ್ತು.

ಅದನ್ನು ಕೊಂಡು ಮೆಟ್ಟಿಲಿಳಿಯುತ್ತ ತಿರುಗಿ ನೋಡಿದೆ. ಮೊದಲಿನದನ್ನು ಬಟ್ಟೆಯಿಂದ ಒರೆಸಿ, ಮತ್ತೆ ಮುಂದಿನ ಸಾಲಿನಲ್ಲೇ ಇಡುತ್ತಿದ್ದ. ಅದು ಯಾರ ಮಗಳ ಕೈ ಸೇರಿತೋ ಎಂಬ ಯೋಚನೆ ಇನ್ನೂ ನನ್ನನ್ನು ಬಿಟ್ಟಿಲ್ಲ.