ಸಣ್ಣ ಊರಿನ ಸೇನಾಪತಿ

ಕಾಲೇಜಿನಲ್ಲಿ ಇತಿಹಾಸ ಓದುತ್ತಿದ್ದ ಮಗಳು ಬೈಕುಲ್ಲಾದ ಕನ್ನಡ ಸಂಘದಲ್ಲಿ ಮಾತನಾಡಲು ಒಪ್ಪಿಕೊಂಡಾಗ ನನಗೆ ಖುಷಿಗಿಂತ ಹೆದರಿಕೆಯೇ ಜಾಸ್ತಿಯಾಯಿತು. ವಿಷಯ, ಹಳೆಯ ಗ್ರೀಸಿನ ಸಣ್ಣ ರಾಜ್ಯಗಳ ಸೇನಾಪತಿಗಳು. ಅದೆಲ್ಲ ಅವಳಿಗೆ ಬಾಯಿಪಾಠ. ಆದರೆ ಮುಂಬಯಿಯ ದಹಿಸರ್‌ನಲ್ಲಿ ಹುಟ್ಟಿ ಬೆಳೆದ ಹುಡುಗಿ. ಮನೆಯಲ್ಲಿ ನಮ್ಮ ವಿಜಯಪುರದ ಮಾತು ಅಷ್ಟಿಷ್ಟು ಆಡುತ್ತಾಳೆ, ನಡುನಡುವೆ ಹಿಂದಿ. ಸಭೆಯಲ್ಲಿ ನಗೆಪಾಟಲಾದರೆ ಮತ್ತೆ ಕನ್ನಡದ ಸುದ್ದಿಗೇ ಬರಲಾರಳು ಎಂಬುದು ನನ್ನ ಚಿಂತೆ.

ಮುಂಬಯಿಯ ನಮ್ಮ ಮಂದಿಗೆ ಒಂದು ಚಟ. ಮನೆಯಲ್ಲಿ ಹೇಗೇ ಮಾತಾಡಲಿ, ವೇದಿಕೆ ಹತ್ತಿದರೆ ಶಾಸನದ ಕನ್ನಡವೇ ಬೇಕು. ನಾನೂ ಅದೇ ತಪ್ಪು ಮಾಡಿದೆ. 'ಮಹಾದಂಡನಾಯಕ', 'ರಣಧುರಂಧರ' ಎಂದೆಲ್ಲ ನಾಲ್ಕು ಪುಟ ತಯಾರಿಸಿ, ಅವಳಿಗೆ ಕನ್ನಡ ಅಕ್ಷರ ಓದಲು ಬಾರದೆಂದು ದೇವನಾಗರಿಯಲ್ಲಿ ಬರೆದುಕೊಟ್ಟೆ.

"ಅಪ್ಪಾ, ಆ ಸೇನಾಪತಿ ಅಷ್ಟ ದೊಡ್ಡಾಂವ ಅಲ್ಲ," ಅಂದಳು.

"ಸುಮ್ನ ಓದ," ಅಂದೆ.

ಲೋಕಲ್ ರೈಲಿನಲ್ಲಿ ದಾದರ್ ತನಕ ತುಟಿ ಆಡಿಸುತ್ತ ಉರು ಹೊಡೆದಳು. ಆದರೂ ವೇದಿಕೆಯ ಮೇಲೆ ಎರಡನೇ ವಾಕ್ಯಕ್ಕೇ ಮುಗ್ಗರಿಸಿದಳು. ಮತ್ತೆ ಓದಿದಳು, ಮತ್ತೆ ತಡವರಿಸಿದಳು. ಹಿಂದೆ ಯಾರೋ ಕಿಸಕ್ಕೆಂದರು. ನನ್ನ ಮೇಲೆ ನನಗೇ ಸಿಟ್ಟು ಬಂತು. ಎದ್ದುಹೋಗಿ ಅವಳನ್ನು ಕರೆದುಕೊಂಡು ಬಂದುಬಿಡಲೇ ಅನಿಸಿತು.

ಅಷ್ಟರಲ್ಲಿ ಅವಳು ಹಾಳೆಗಳನ್ನು ಮಡಚಿ ಪಕ್ಕಕ್ಕಿಟ್ಟಳು.

"ನೋಡ್ರಿ, ಆಗಿನ ಗ್ರೀಸಿನ್ಯಾಗ ರಾಜ್ಯ ಅಂದ್ರ ಒಂದು ಸಣ್ಣ ಊರು. ನಮ್ಮ ಬಿಲ್ಡಿಂಗಿಗೆ ಸೆಕ್ರೆಟರಿ ಆರಿಸ್ತೀವಲ್ಲ, ಹಂಗ ವರ್ಷಕ್ಕೊಮ್ಮೆ ಸೇನಾಪತಿನ್ನ ಆರಿಸ್ತಿದ್ರು. ಅಂವ ದೂರ ಕುಂತು ಹುಕುಂ ಮಾಡಂಗಿಲ್ಲ. ಢಾಲು ಈಟಿ ಹಿಡಕೊಂಡು, ಎಲ್ಲಾರ ಜೋಡಿ, ಮುಂದಿನ ಸಾಲಿನ್ಯಾಗ ನಿಲ್ಲಬೇಕು. ಮರುವರ್ಷ ಬ್ಯಾರೆಯವ್ರು ಬಂದ್ರ, ಇಂವ ಅವರ ಕೈಕೆಳಗ ಸಾದಾ ಸಿಪಾಯಿ. ಬಸ್, ಇಷ್ಟ."

ಸಭೆ ಕಿವಿಗೊಟ್ಟಿತು. ಧಾರವಾಡದ ಕಡೆಯ ಹಿರಿಯರೊಬ್ಬರು ಎದ್ದು ನಿಂತರು. "ಲಡಾಯಿ ಸೋತ್ರ ಅವಗ ಏನ್ ಶಿಕ್ಷಾ ಕೊಡ್ತಿದ್ರವಾ?"

"ಭಾಳ ಸಲ ಶಿಕ್ಷಾ ಕೊಡಾಕ ಅಂವ ಉಳೀತಿರಲಿಲ್ರಿ ಅಜ್ಜಾರ. ಮೊದಲ ಸಿಗತಿದ್ದದ್ದು ಅವನ ಹೆಣಾನ."

ಅಜ್ಜ ಕೂರುವುದನ್ನು ಮರೆತು ನಿಂತೇ ಇದ್ದರು. ನನ್ನ ಪಕ್ಕದಲ್ಲಿದ್ದ ಹೆಂಗಸು ಇತ್ತ ಬಾಗಿ ಮೆಲ್ಲಗೆ ಕೇಳಿದರು: "ಯಾರ ಮಗಳ್ರಿ ಇಕಿ? ಊರಿಂದ ಬಂದಾಳೇನ್ರಿ?"

"ಇಲ್ರಿ, ದಹಿಸರ್‌ದಾಕಿ," ಅಂದೆ. "ನನ್ನ ಮಗಳ್ರಿ."