ಹೆಣ ಕಂಡ ಕ್ಯಾಮೆರಾ

ಹವ್ಯಾಸ ಇರಬೇಕು, ಮನಸ್ಸಿಗೆ ನೆಮ್ಮದಿ ಸಿಗುತ್ತದೆ ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನನ್ನ ಹವ್ಯಾಸ ನನಗೆ ಎಂಥ ನೆಮ್ಮದಿ ಕೊಟ್ಟಿತೆಂದು ಹೇಳಿದರೆ ಅವರು ಆ ಮಾತನ್ನು ಮತ್ತೆ ಎತ್ತಲಾರರು. ತೊಂಬತ್ತರ ದಶಕದ ನಡುವಿನಲ್ಲಿ ನನಗೆ ಹಳೆಯ ರೋಲಿನ ಕ್ಯಾಮೆರಾಗಳ ಹುಚ್ಚು ಹಿಡಿಯಿತು. ಬೈಲಹೊಂಗಲದ ಕಾಲೇಜೊಂದರ ಗ್ರಂಥಾಲಯದಲ್ಲಿ ವಾರವಿಡೀ ಪುಸ್ತಕದ ದೂಳು ಕುಡಿಯುತ್ತಿದ್ದವನು, ಭಾನುವಾರ ಬಂದರೆ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಬಸ್ಸಿನ ದೂಳು ಕುಡಿಯಲು ಹೊರಡುತ್ತಿದ್ದೆ. ಹೆಂಡತಿ ಅದಕ್ಕೆ ಸವತಿ ಎಂದೇ ಹೆಸರಿಟ್ಟಿದ್ದಳು. "ನಿಮ್ಮ ಸವತಿಗೆ ನಾಷ್ಟಾ ಕಟ್ಟಲೇನ್ರಿ?" ಎಂದು ಕೇಳುತ್ತಿದ್ದಳು. ಸವತಿ ನನಗೆ ಹೇಗಾಗುತ್ತಾಳೆ, ನಿನಗಲ್ಲವೇ ಎಂದರೆ, "ಯಾರಿಗಾದರ ಏನ, ಮನಿ ಹಾಳ ಮಾಡೂದು ಒಂದ" ಎನ್ನುತ್ತಿದ್ದಳು.

ಊರಿನ ಸ್ಟುಡಿಯೋ ಒಂದರಲ್ಲಿ ಮೂಲೆಗೆ ಬಿದ್ದಿದ್ದ ಕ್ಯಾಮೆರಾ ಅದು. ಮೇಲೊಂದು ಲೆನ್ಸು, ಕೆಳಗೊಂದು ಲೆನ್ಸು. ನೆತ್ತಿಯ ಮುಚ್ಚಳ ತೆರೆದು, ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ ಗಾಜಿನಲ್ಲಿ ನೋಡಬೇಕು. ಅದರಲ್ಲಿ ಎಡವೆಲ್ಲ ಬಲ, ಬಲವೆಲ್ಲ ಎಡ. ಒಂದು ರೋಲಿಗೆ ಹನ್ನೆರಡೇ ಚಿತ್ರ, ಹಾಗಾಗಿ ಗುಂಡಿ ಒತ್ತುವ ಮೊದಲು ಹತ್ತು ಸಲ ಯೋಚಿಸಬೇಕು. ನಾನು ಯೋಚಿಸುತ್ತಲೇ ಇದ್ದೆ. ಕಿತ್ತೂರಿನ ಕೋಟೆಯ ಗೋಡೆಯ ಮೇಲೆ ಬೆಳಗಿನ ಬಿಸಿಲು ಇಳಿಯುವುದನ್ನು ಕಾಯುತ್ತ ಕೂರುತ್ತಿದ್ದೆ. ಸವದತ್ತಿಯ ಕೋಟೆಯ ಬುರುಜಿನ ನೆರಳು, ರಾಮದುರ್ಗದ ಹಳೆಯ ವಾಡೆಗಳ ಬಾಗಿಲು, ಇವೆಲ್ಲ ನನ್ನ ಭಾನುವಾರಗಳಾಗಿದ್ದವು. ಜನರ ಚಿತ್ರ ತೆಗೆಯುವುದಂತೂ ಇನ್ನೂ ಸುಖ. ತಲೆ ಬಗ್ಗಿಸಿ ನಿಂತವನು ತಮ್ಮನ್ನೇ ನೋಡುತ್ತಿದ್ದಾನೆಂದು ಯಾರಿಗೂ ಅನಿಸುವುದಿಲ್ಲ. ಹೀಗಾಗಿ ಅವರ ಮುಖ ಬಿಗಿಯುವುದಿಲ್ಲ. ಆ ಒಂದೆರಡು ವರ್ಷ ನಾನು ನಿಜವಾಗಿ ಸಂತೋಷವಾಗಿದ್ದೆ. ಸುಳ್ಳು ಯಾಕೆ ಹೇಳಲಿ?

ನನಗೊಬ್ಬಳು ಅಕ್ಕ. ತಾಯಿಯಿಲ್ಲದ ನನ್ನನ್ನು ಕಂಕುಳಲ್ಲಿಟ್ಟುಕೊಂಡು ಬೆಳೆಸಿದವಳು. ಮುನವಳ್ಳಿಗೆ ಕೊಟ್ಟಿದ್ದೆವು. ಅವಳ ಮುಖ ಕಾಣುವ ಒಂದು ಫೋಟೋ ನಮ್ಮಲ್ಲಿರಲಿಲ್ಲ. ಇದ್ದದ್ದು ಒಂದೇ, ಮದುವೆಯದು. ಅದರಲ್ಲಿ ಬಾಸಿಂಗದ ಹಿಂದೆ ತಲೆ ತಗ್ಗಿಸಿ ನಿಂತಿದ್ದಾಳೆ. ಅದು ಅವಳೇ ಎಂದು ನಾವು ಹೇಳಬೇಕು, ನೋಡುವವರು ನಂಬಬೇಕು. ಕಂಡ ಕಂಡ ಗೋಡೆಗೆಲ್ಲ ರೋಲು ಸುರಿಯುವ ನಾನು ಅಕ್ಕನದೊಂದು ಚಿತ್ರ ತೆಗೆಯದಿದ್ದರೆ ಹೇಗೆ? ಕ್ಯಾಮೆರಾ ಹಿಡಿದು ಮುನವಳ್ಳಿಗೆ ಹೋದೆ.

ಅಕ್ಕ ಹಿತ್ತಲಲ್ಲಿ ರೊಟ್ಟಿಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಗಾಜಿನೊಳಗೆ ಬಗ್ಗಿ ನೋಡಿದಳು. ಆಗ ಅವಳ ಅತ್ತೆ ಹಿತ್ತಲು ದಾಟುತ್ತಿದ್ದರು.

"ಅಯ್ಯ, ನಮ್ಮತ್ತಿ ಈ ಕಡೆ ಹೊಂಟರ ಇದರಾಗ ಆ ಕಡೆ ಹೊಂಟಾಳಲ್ಲೋ! ಒಟ್ಟ ಎಲ್ಲೆ ಹೋದರೂ ನಾ ಹೇಳಿದ ಕಡೆ ಹೋಗಂಗಿಲ್ಲ ನೋಡ ಈಕಿ" ಎಂದು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

ನಿಲ್ಲು, ಹಾಗೇ ನಿಲ್ಲು ಎಂದೆ. ನಿಲ್ಲಲಿಲ್ಲ. "ಇವತ್ತ ಬ್ಯಾಡೋ ತಮ್ಮಾ, ತಲಿ ಸುದ್ದಾ ಹಿಕ್ಕೊಂಡಿಲ್ಲ. ಮುಂದಿನ ಐತವಾರ ಬಾ. ಇಲಕಲ್ಲ ಸೀರಿ ಉಟಗೊಂಡ ಕುಂದರತೇನಿ. ಛಲೋ ಬರಬೇಕ ಮತ್ತ" ಎಂದಳು.

ಮುಂದಿನ ಭಾನುವಾರ ಹೊಸ ರೋಲು ಹಾಕಿಕೊಂಡು, ಮುನವಳ್ಳಿಯ ಬಸ್ಸಿಗಾಗಿ ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಜೀಪೊಂದು ಬಂದು ನಿಂತಿತು. ನೇಸರಗಿಯ ದೊಡ್ಡ ಮನೆಯೊಂದರ ಹಿರಿಯರು ತೀರಿಹೋಗಿದ್ದರು. ಮದುವೆಯ ಹಂಗಾಮು, ಊರಿನ ಫೋಟೋದವರೆಲ್ಲ ಯಾವ ಯಾವುದೋ ಮಂಟಪದಲ್ಲಿದ್ದರು. ಜೀಪಿನಿಂದ ಇಳಿದವರು ನನ್ನ ಕೊರಳು ನೋಡಿದರು. "ಸರ, ನಿಮ್ಮ ಕೊಳ್ಳಾಗ ಕ್ಯಾಮೆರಾ ಐತಿ. ದೇವರ ತೋರಿಸಿದಂಗ ತೋರಿಸ್ಯಾನ. ಇಲ್ಲಾ ಅನಬ್ಯಾಡ್ರಿ, ಹತ್ರಿ" ಎಂದರು. ಸಾವಿನ ಮನೆಯವರು ಕರೆದಾಗ ಇಲ್ಲವೆನ್ನುವುದು ಹೇಗೆ? ಹತ್ತಿದೆ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಮೈ ತೊಳೆದು, ವಿಭೂತಿ ಹಚ್ಚಿ, ಹೊಸ ಬಟ್ಟೆ ಹಾಕಿ, ಗೋಡೆಗೆ ಒರಗಿಸಿ, ಕತ್ತು ವಾಲದಂತೆ ವಸ್ತ್ರ ಬಿಗಿದು ಕೂರಿಸುವುದು ಪದ್ಧತಿ. ಮಣ್ಣಿಗೆ ಇಡುವುದೂ ಕುಳಿತ ಹಾಗೆಯೇ. ಎತ್ತುವ ಮೊದಲು ಮನೆಮಂದಿಯೆಲ್ಲ ಅಕ್ಕಪಕ್ಕ ಕುಳಿತು ಫೋಟೋ ತೆಗೆಸಿಕೊಳ್ಳುತ್ತಾರೆ. ಎಷ್ಟೋ ಜನರಿಗೆ ಬದುಕಿದ್ದಾಗ ತೆಗೆಸದ ಫೋಟೋ ಆವತ್ತು ಮೊದಲ ಸಲ ತೆಗೆಸಲಾಗುತ್ತದೆ. ಭಜನೆ ನಡೆದಿತ್ತು, ಊದಿನಕಡ್ಡಿಯ ಹೊಗೆ ತುಂಬಿತ್ತು, ನಾನು ತಲೆ ಬಗ್ಗಿಸಿ ಗಾಜು ನೋಡುತ್ತಿದ್ದೆ. ಹಿಂದಿನಿಂದ ಯಾರೋ, "ಸರ, ಅಜ್ಜಾರದು ಒಂಚೂರ ನಗಮಾರಿ ಬರೂಹಂಗ ತಗೀರಿ" ಎಂದರು. ಬದುಕಿದ್ದಾಗ ಅವರನ್ನು ಒಮ್ಮೆಯಾದರೂ ನಗಿಸಿದ್ದಿರಾ ಎಂದು ಕೇಳಬೇಕೆನಿಸಿತು. ಗುಂಡಿ ಒತ್ತಿದೆ.

ಪಡಸಾಲೆಯಲ್ಲಿ ಬೆಳಕು ಕಡಿಮೆ, ಶಟರ್ ನಿಧಾನಕ್ಕೆ ಬಿಡಬೇಕು. ರೋಲು ತೊಳೆಸಿ ನೋಡಿದರೆ, ಕುಳಿತವರೆಲ್ಲ ಒಂದಿಷ್ಟು ಅಲುಗಾಡಿ ಮಸುಕಾಗಿದ್ದರು. ಹುಬ್ಬಿನ ಕೂದಲೂ ಎಣಿಸುವಷ್ಟು ಸ್ಪಷ್ಟವಾಗಿ ಬಂದವರು ಸತ್ತವರೊಬ್ಬರೇ. ನೇಸರಗಿಯವರು ಅದನ್ನು ನೋಡಿ ಕೈ ಮುಗಿದರು. ಅಲ್ಲಿಗೆ ನನ್ನ ಹಣೆಬರಹ ಬರೆದಾಯಿತು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಗ್ರಂಥಾಲಯದ ಬಾಗಿಲಿಗೇ ಜನ ಬರತೊಡಗಿದರು. "ಸರ, ನಮ್ಮ ದೊಡ್ಡಪ್ಪ ಹ್ವಾದ್ರಿ", "ಸರ, ನಮ್ಮ ಆಯಿ..." ಕೆಲವರಿಗೆ ಇಲ್ಲವೆಂದೆ, ಕೆಲವರಿಗೆ ಎನ್ನಲಾಗಲಿಲ್ಲ. ಆಮೇಲೆ ಬದುಕಿದ್ದವರು ನನ್ನಿಂದ ದೂರ ಸರಿದರು. ಕಿತ್ತೂರಿನಲ್ಲಿ ನಾನು ಯಾವಾಗಲೂ ಚಹಾ ಕುಡಿಯುವ ಅಂಗಡಿಯವನು ಒಲೆಯ ಹೊಗೆಯಲ್ಲಿ ಚೆಂದ ಕಾಣುತ್ತಿದ್ದ. ಮುಚ್ಚಳ ತೆರೆದೆ. ಅವನ ಹೆಂಡತಿ ಒಳಗಿನಿಂದ ಓಡಿಬಂದು ರಟ್ಟೆ ಹಿಡಿದು ಎಳೆದುಕೊಂಡಳು. "ಅವರು ಹೆಣಾ ತಗಿಯೋರು. ಒಳಗ ನಡೀ ನೀ." ಚಹಾ ಆರುವವರೆಗೂ ಅವನು ಹೊರಗೆ ಬರಲಿಲ್ಲ.

ಇರಲಿ, ಚಹಾದವನ ಫೋಟೋ ಇಲ್ಲದೆ ನಾನೇನೂ ಸಾಯುತ್ತಿರಲಿಲ್ಲ. ಆದರೆ ಆ ಮಾತು ಮುನವಳ್ಳಿಗೂ ಮುಟ್ಟಿತ್ತು. ಅವತ್ತು ತಪ್ಪಿದ ಭೇಟಿಗೆ ನಾನು ಕೊನೆಗೂ ಹೋದಾಗ ಅಕ್ಕ ಹೇಳಿದಂತೆ ಇಲಕಲ್ಲ ಸೀರೆ ಉಟ್ಟು, ತಲೆತುಂಬ ಅಬ್ಬಲಿಗೆ ಮುಡಿದು ಹಿತ್ತಲ ಕಟ್ಟೆಯ ಮೇಲೆ ಕುಳಿತಿದ್ದಳು. ನಾನು ಇನ್ನೂ ಲೆನ್ಸಿನ ದೂರ ಸರಿಪಡಿಸುತ್ತಿದ್ದೆ, ಗಾಜಿನಲ್ಲಿ ಒಂದು ಅಂಗೈ ಅಡ್ಡ ಬಂತು. ಅವಳ ಅತ್ತೆಯದು.

"ಹೆಣಾ ಕಂಡ ಕ್ಯಾಮೆರಾ ತಂದ ಮುತ್ತೈದಿ ಮುಂದ ಹಿಡೀತಿ? ಓದಿದಾಂವಗ ಇಷ್ಟ ತಿಳೀಬಾರದ?"

"ಅತ್ತಿ, ಇದು ಬರೇ ಗಾಜು, ತಗಡು."

"ನಿನಗ ತಗಡ. ನನಗ ಮನ್ಯಾಗ ಸೊಸಿ ಒಬ್ಬಾಕಿನ ಇರೋದು."

ಅಕ್ಕನ ಗಂಡ ಬಾಗಿಲಲ್ಲಿ ನಿಂತಿದ್ದ. ಮಾಮಾ, ನೀವಾದರೂ ಹೇಳಿರಿ ಎಂದು ನೋಡಿದೆ. ಅವನು ಎತ್ತಿಗೆ ನೀರು ಕುಡಿಸುವ ನೆವ ಮಾಡಿ ಹೊರಟುಹೋದ. ಬಾಯಿಯಿದ್ದೂ ಮಾತಾಡದ ಗಂಡಸರ ಮೇಲೆ ನನಗೆ ಅವತ್ತಿನಿಂದ ಇರುವ ಸಿಟ್ಟು ಇನ್ನೂ ಇಳಿದಿಲ್ಲ. ಅಕ್ಕ ಕಟ್ಟೆಯಿಂದ ಎದ್ದು, "ಹೋಗಲಿ ಬಿಡೋ. ಹೆಣಾ ನೋಡಲಾರದ್ದೊಂದ ಹುಡಿಕ್ಯಾಡಿ ತಗೊಂಬಾ. ಸೀರಿ ಏನ ಎಲ್ಲೂ ಹೋಗಂಗಿಲ್ಲ" ಎಂದಳು. ಅವಳು ನಗಿಸಲು ಹೇಳಿದ್ದು. ನಾನು ಅದನ್ನೇ ಹಟವಾಗಿ ಹಿಡಿದೆ.

ರಾಮದುರ್ಗದಲ್ಲಿ ಒಂದು ಮುಸಲ್ಮಾನರ ಮನೆಯಿತ್ತು. ಆ ಮನೆಯ ಹಿರಿಯರು ಹಿಂದೆ ಸ್ಟುಡಿಯೋ ನಡೆಸುತ್ತಿದ್ದರು. ಅವರ ಮಗ ಪೆಟ್ಟಿಗೆಯಿಂದ ಮಡಚುವ ಕ್ಯಾಮೆರಾವೊಂದನ್ನು ತೆಗೆದುಕೊಟ್ಟ. ಗುಂಡಿ ಒತ್ತಿದರೆ ಹಾರ್ಮೋನಿಯಂನ ಹಾಗೆ ಚರ್ಮದ ತಿದಿ ಬಿಚ್ಚಿಕೊಂಡು ಲೆನ್ಸು ಹೊರಗೆ ಬರುತ್ತಿತ್ತು. ತಿದಿಯ ತೂತುಗಳಿಗೆ ಕಪ್ಪು ಬಟ್ಟೆ ಅಂಟಿಸಿ, ಶಟರಿಗೆ ಎಣ್ಣೆ ತೋರಿಸಿ, ಹಲವು ಭಾನುವಾರ ಅದರೊಂದಿಗೇ ಕಳೆದೆ. ಇಷ್ಟು ಪ್ರೀತಿಯಿಂದ ನಾನು ಯಾವ ಕ್ಯಾಮೆರಾವನ್ನೂ ಸುಧಾರಿಸಿಲ್ಲ. ಅದು ಸರಿಹೋದ ದಿನ ಸೀದಾ ಮುನವಳ್ಳಿಯ ಬಸ್ಸು ಹಿಡಿದೆ.

ಅಕ್ಕನ ಅತ್ತೆ ಮುದುಕಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಯಾರದಿದು?"

"ರಾಮದುರ್ಗದ ಸ್ಟುಡಿಯೋದವರದು. ನಾನು ಇದರಾಗ ಯಾವ ಹೆಣಾನೂ ತಗದಿಲ್ಲ, ಆಣಿ ಮಾಡತೇನಿ."

"ನೀ ತಗದಿಲ್ಲ. ಅವರ ತಗದಿಲ್ಲಂತ ಹೆಂಗ ಅಂತಿ? ಸ್ಟುಡಿಯೋದ್ದು ಅಂದಮ್ಯಾಲ, ಅದೂ ಇಷ್ಟ ಹಳೇದು ಅಂದಮ್ಯಾಲ, ನಮ್ಮ ಸೀಮ್ಯಾಗ ಹೆಣಾ ನೋಡದ ಉಳದೀತೇನೋ ಯಪ್ಪಾ?"

ಮುದುಕಿ ಹೇಳಿದ್ದು ನಿಜವಾಗಿತ್ತು. ಸತ್ತವರನ್ನು ಕೂರಿಸಿ ಫೋಟೋ ತೆಗೆಸುವ ಸೀಮೆಯಲ್ಲಿ ಸಾವು ಕಾಣದ ಹಳೆಯ ಕ್ಯಾಮೆರಾ ಎಲ್ಲಿಂದ ತರಲಿ? ಹೊಸದನ್ನೇ ಕೊಳ್ಳುತ್ತೇನೆ ಎಂದೆ. "ಕ್ಯಾಮೆರಾ ಹೊಸಾದು ತರತಿ, ಕೈ?" ಎಂದರು. ಅಕ್ಕ ಒಳಗಿನಿಂದ ಚಹಾ ತಂದುಕೊಟ್ಟಳು, ಅವತ್ತು ನಗಲಿಲ್ಲ. "ಸಾಕ ಬಿಡು ತಮ್ಮಾ. ನನ್ನ ಮಾರಿ ಏನ ಅಂಥಾ ನೋಡೂವಂಥಾದ್ದು ಐತಿ" ಎಂದಳು. ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಚುಚ್ಚುತ್ತದೆ. ಇತ್ತು ಅಕ್ಕಾ, ನೋಡುವಂಥದ್ದೇ ಇತ್ತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಅಕ್ಕನಿಗೆ ಕಾಮಾಲೆಯಾಯಿತು. ಮೊದಲು ಬೇರು, ಸೊಪ್ಪು, ಪಥ್ಯ. ಧಾರವಾಡದ ಆಸ್ಪತ್ರೆಗೆ ತರುವಷ್ಟರಲ್ಲಿ ತಡವಾಗಿತ್ತು. ಕೊನೆಯ ದಿನಗಳಲ್ಲಿ ಅವಳನ್ನು ಮನೆಗೇ ಒಯ್ದರು. ಒಂದು ಮುಂಜಾನೆ ಫೋನು ಬಂತು. ಅಕ್ಕನ ಗಂಡ. ಹೋದಳು ಎಂದ. ಅತ್ತ. ಆಮೇಲೆ ಮೂಗು ಒರೆಸಿಕೊಂಡು, "ಬರೂವಾಗ ಕ್ಯಾಮೆರಾ ತಗೊಂಡ ಬಾ" ಎಂದ.

ನಾನು ಬರಿಗೈಯಲ್ಲಿ ಹೋದೆ. ಅಕ್ಕನನ್ನು ಪಡಸಾಲೆಯಲ್ಲಿ ಕೂರಿಸಿದ್ದರು. ಹಸಿರು ಸೀರೆ, ಮುಂಗೈ ತುಂಬ ಹಸಿರು ಬಳೆ, ಹಣೆಯಲ್ಲಿ ವಿಭೂತಿ, ಕುಂಕುಮ. ಮುತ್ತೈದೆಯಾಗಿ ಹೋದಳೆಂದು ಹೆಂಗಸರು ಅವಳ ಪುಣ್ಯವನ್ನು ಹೊಗಳುತ್ತಿದ್ದರು. ಎದ್ದು ಬಂದ ಅತ್ತೆ ನನ್ನ ಮುಖ ನೋಡಲಿಲ್ಲ, ಕೊರಳು ನೋಡಿದರು.

"ಕ್ಯಾಮೆರಾ ಎಲ್ಲೈತಿ?"

"ಉಸಿರ ಇದ್ದಾಗ ಬ್ಯಾಡಾದ ಕ್ಯಾಮೆರಾ ಈಗ ಯಾಕ ಬೇಕಾತ್ರಿ? ಸೀರಿ ಉಟಗೊಂಡ ಕುಂತಿದ್ದಳಲ್ಲ, ಅವತ್ತ ಅಡ್ಡ ಹಿಡದ ಕೈ ಇದ ಅಲ್ಲೇನು?" ಎಂದು ನಾನು ಕೂಗಿದೆ. ಭಜನೆ ನಿಂತಿತು. ಹಿರಿಯರು ನನ್ನನ್ನು ಹೊರಗೆ ಕರೆದೊಯ್ದರು. ಹಾಗೆ ಕೂಗಿದ್ದಕ್ಕೆ ನನಗೆ ಯಾವ ಪಶ್ಚಾತ್ತಾಪವೂ ಇಲ್ಲ. ಅವಳನ್ನು ಹಾಗೆ ಕೂರಿಸಿ ತೆಗೆಯಲು ನಾನು ಕ್ಯಾಮೆರಾ ಕಲಿತವನಲ್ಲ.

ಸವದತ್ತಿಯಿಂದ ಸ್ಟುಡಿಯೋದವರನ್ನು ಕರೆಸಿದರು. ಅವರದು ಆಗಲೇ ರೋಲಿಲ್ಲದ ಹೊಸ ಕ್ಯಾಮೆರಾ. ಮಿಂಚು ಬಿದ್ದ ಹಾಗೆ ಒಂದು ಬೆಳಕು, ಮುಗಿಯಿತು.

ಅಕ್ಕನ ದಿನದ ಕಾರ್ಯಕ್ಕೆ ಹೋದಾಗ ಗೋಡೆಯ ಮೇಲೆ ಮಾಲೆ ಹಾಕಿದ ದೊಡ್ಡ ಫೋಟೋ ಇತ್ತು. ನಾನು ಹೊಸ್ತಿಲಲ್ಲೇ ನಿಂತೆ. ಅಕ್ಕ ಕಣ್ಣು ತೆರೆದಿದ್ದಳು. ಹಿಂದೆ ನೀಲಿ ಆಕಾಶ, ಒಂದು ಸರೋವರ, ಮುಖಕ್ಕೆ ಬಣ್ಣ.

"ಕಂಪ್ಯೂಟರಿನ್ಯಾಗ ಕಣ್ಣ ತಗಸೀನಿ. ಥೇಟ ಜೀವಂತ ಕುಂತಂಗ ಬಂದಾಳಲ್ಲ?" ಎಂದ ಅಕ್ಕನ ಗಂಡ.

"ಯಾರ ಕಣ್ಣ ಮಾಮಾ ಅವು?"

"ಸ್ಟುಡಿಯೋದಾಗ ಇರತಾವಂತ. ಹೊಂದೂವು ನೋಡಿ ಕೂಡಸತಾರಂತ."

ಮುದುಕಿ ಆ ಗಾಜನ್ನು ಸೆರಗಿನಿಂದ ಒರೆಸುತ್ತಿದ್ದರು. "ಎಲ್ಲೆ ನಿಂತರೂ ನನ್ನ ನೋಡತಾಳ ನನ್ನ ಸೊಸಿ" ಎಂದು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಆ ಅಳು ಸುಳ್ಳಾಗಿರಲಿಲ್ಲ. ಸುಳ್ಳಾಗಿದ್ದರೆ ಬೈದಾದರೂ ಬಿಡುತ್ತಿದ್ದೆ. ನಾನು ಊಟಕ್ಕೆ ನಿಲ್ಲದೆ ಬಸ್ಸು ಹತ್ತಿದೆ.

ಆಮೇಲೆ ಭಾನುವಾರ ಎಲ್ಲಿಗೂ ಹೋಗಲಿಲ್ಲ. ಈಗ ಹಳೆಯ ಕ್ಯಾಮೆರಾಗಳಿಗೆ ಮತ್ತೆ ಬೆಲೆ ಬಂದಿದೆಯಂತೆ, ಹುಡುಗರು ಹುಡುಕಿಕೊಂಡು ಬಂದು ಕೇಳುತ್ತಾರೆ. ಕಪಾಟು ತೋರಿಸಿ ಒಯ್ಯಿರಿ ಎನ್ನುತ್ತೇನೆ. ನನಗೆ ಬೇಕಾಗಿದ್ದದ್ದು ಒಂದೇ ಮುಖ, ಮತ್ತು ಅದು ನನ್ನ ತಲೆಯಲ್ಲಾದರೂ ಇದೆ ಎಂದು ಬಹಳ ದಿನ ನಂಬಿಕೊಂಡಿದ್ದೆ. ಈಗೀಗ ಕಣ್ಣು ಮುಚ್ಚಿದರೆ ಅಕ್ಕ ಬರುತ್ತಾಳೆ, ಅದೇ ಹಣೆ, ಅದೇ ಗಲ್ಲ. ಆದರೆ ನನ್ನನ್ನು ನೋಡುವುದು ಆ ಫೋಟೋದ ಕಣ್ಣುಗಳು. ಅವಳವು ಹೇಗಿದ್ದವೆಂದು ನನಗೆ ನೆನಪಾಗುತ್ತಿಲ್ಲ.